ಮಲೆನಾಡಿನ ಮಳೆಗೆ ಕೋವಿಗೆ ಯಾವ ಎಣ್ಣೆ? ನಾನು ಬಳಸಿ ನೋಡಿದ್ದು

2024ರ ಜೂನ್‌ನಲ್ಲಿ ನಮ್ಮ ಕೋವಿ ಮನೆಗೆ ವಾಪಸ್ ಬಂತು. ಲೋಕಸಭಾ ಚುನಾವಣೆ ಅಂತ ಅದನ್ನು ಮಾರ್ಚ್‌ನಲ್ಲೇ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟಿದ್ದೆ. ಹಾಸನದಲ್ಲಿ ಏಪ್ರಿಲ್ 26ಕ್ಕೆ ಮತದಾನ ಮುಗಿದರೂ ಎಣಿಕೆ ಆಗಿದ್ದು ಜೂನ್ 4ಕ್ಕೆ. ನೀತಿ ಸಂಹಿತೆ ಹೋಗಿ, ಕಾಗದ ಪತ್ರ ಆಗಿ, ಕೋವಿ ಕೈಗೆ ಸಿಗುವ ಹೊತ್ತಿಗೆ ಸಕಲೇಶಪುರದ ಕಡೆ ಮಳೆ ಹಿಡಿದಿತ್ತು. ಮನೆಗೆ ತಂದು ಚೀಲ ಬಿಚ್ಚಿದೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕಾಫಿಪುಡಿ ಉದುರಿಸಿದ ಹಾಗೆ ಕಂದು ಚುಕ್ಕೆಗಳು. ಬೆರಳಲ್ಲಿ ಒರೆಸಿದೆ, ಹೋಗಲಿಲ್ಲ. ಅಲ್ಲೇ ಜಗಲಿ ಮೇಲೆ ಕೂತುಬಿಟ್ಟೆ.

ಅದು ಅಪ್ಪನ ಕೋವಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ 12 ಬೋರ್ ಜೋಡು ನಳಿಗೆ. ಅಪ್ಪ ತೀರಿದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ನಮ್ಮದು ಸಣ್ಣ ತೋಟ. ಕಾಫಿ, ಮೆಣಸು, ಒಂದಿಷ್ಟು ಏಲಕ್ಕಿ. ಕೋವಿ ಇರುವುದು ತೋಟದ ಒಂಟಿ ಮನೆಯಲ್ಲಿ ಒಂದು ಧೈರ್ಯಕ್ಕೆ, ಬೆಳೆಯ ಕಾವಲಿಗೆ. ವರ್ಷಕ್ಕೆ ನಾಲ್ಕು ತೋಟಾ, ಅಂದರೆ ಕಾರ್ಟ್ರಿಡ್ಜ್, ಹಾರಿದರೆ ಅದೇ ಜಾಸ್ತಿ. ಹಾಗಿರುವಾಗ ನಮ್ಮ ಕೋವಿ ಹಾಳಾಗುವುದು ಹಾರಿಸಿದ್ದರಿಂದ ಅಲ್ಲ, ಇಟ್ಟಿದ್ದರಿಂದ. ಇದನ್ನು ನಾನು ಆವತ್ತೇ ಸರಿಯಾಗಿ ಅರ್ಥ ಮಾಡಿಕೊಂಡದ್ದು. ಠೇವಣಿಗೆ ಕೊಡುವ ಮುಂಚೆ ತೆಳು ಎಣ್ಣೆ ಒಂದು ಕೈ ಸವರಿ ಕೊಟ್ಟಿದ್ದೆ. ಎರಡೂವರೆ ತಿಂಗಳಿಗೆ ಅದು ಸಾಲಲಿಲ್ಲ.

ಆಮೇಲೆ ಎಣ್ಣೆ ಯಾವುದು, ಕ್ಲೀನರ್ ಯಾವುದು ಅಂತ ಸುಮಾರು ಓಡಾಡಿದೆ. ಕೋವಿ ರಿಪೇರಿ ಮಾಡುವ ಲೈಸೆನ್ಸ್ ಇರುವ ಮೇಸ್ತ್ರಿಯೊಬ್ಬರನ್ನು ಹಾಸನದಲ್ಲಿ ಹುಡುಕಿಕೊಂಡು ಹೋದೆ. ವಯಸ್ಸಾದವರು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಒಳಗೆ ಚೆನ್ನಾಗಿದೆ ಕಣಮ್ಮ, ಹೊರಗೆ ಮಾತ್ರ ಹಿಡಿದಿದೆ. ಆಸಿಡ್ ಗೀಸಿಡ್ ಹಾಕಬೇಡಿ ಮತ್ತೆ" ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ ಮಾತು ನನಗೆ ಹೊಸದು. ನಳಿಗೆಯ ಮೇಲಿನ ಆ ಕಪ್ಪುನೀಲಿ ಬಣ್ಣ ಪೇಂಟ್ ಅಲ್ಲ. ಅದೂ ಒಂದು ಜಾತಿಯ ತುಕ್ಕೇ. ಬೇಕಂತಲೇ ಹಿಡಿಸಿ ನಿಲ್ಲಿಸಿದ ಕಪ್ಪು ತುಕ್ಕು. ಕೆಂಪು ತುಕ್ಕನ್ನು ತಿನ್ನುವ ಆಸಿಡ್ ಈ ಕಪ್ಪನ್ನೂ ತಿಂದುಬಿಡುತ್ತದೆ. ಬಿಳಿ ಕಬ್ಬಿಣ ಉಳಿಯುತ್ತದೆ, ಅದು ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಪಾತ್ರೆ ಉಜ್ಜುವ ಪಾಲಿಶ್, ಎಮರಿ ಕಾಗದ ಇವೂ ಹಾಗೆಯೇ. ಅವರು ಮಾಡಿದ್ದು ಇಷ್ಟೇ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟರು. ಮಾರನೆಯ ದಿನ ನಾಲ್ಕು ಸೊನ್ನೆ ನಂಬರಿನ ಅತಿ ನಯದ ಸ್ಟೀಲ್ ವುಲ್ ಅನ್ನು ಎಣ್ಣೆಯಲ್ಲಿ ಅದ್ದಿ, ಮಗುವಿನ ಕೆನ್ನೆ ಒರೆಸುವ ಹಾಗೆ ಒರೆಸಿದರು. ಚುಕ್ಕೆ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಇವತ್ತಿಗೂ ಇದೆ.

ನನಗೆ ಮೊದಲಿನಿಂದಲೂ ಇದ್ದ ಗೊಂದಲ ಒಂದು. ಅಂಗಡಿಗೆ ಹೋಗಿ "ಕೋವಿಗೆ ಎಣ್ಣೆ ಕೊಡಿ" ಅಂದರೆ ಏನೋ ಒಂದು ಡಬ್ಬ ಕೊಡುತ್ತಾರೆ. ಆದರೆ ಕೆಲಸ ಮೂರು. ಮಸಿ ತೊಳೆಯುವುದು ಒಂದು, ಜಾರುವ ಜಾಗ ಸವೆಯದ ಹಾಗೆ ನೋಡಿಕೊಳ್ಳುವುದು ಒಂದು, ತೇವ ತಾಗದ ಹಾಗೆ ಕಾಯುವುದು ಒಂದು. ತೊಳೆಯುವುದರಲ್ಲಿ ಜಾಣನಾದ ದ್ರಾವಣ ಕಾಯುವುದಿಲ್ಲ. ಕಾಯುವ ಗಟ್ಟಿ ಎಣ್ಣೆ ಒಳಗಿನ ಸಣ್ಣ ಸ್ಪ್ರಿಂಗ್‌ಗಳಿಗೆ ಭಾರ. ಅಮೆರಿಕದ ಸೈನ್ಯಕ್ಕಾಗಿ ಬಂದ ಸಿಎಲ್‌ಪಿ ಅನ್ನುವ ಬಗೆ ಮೂರನ್ನೂ ಒಂದೇ ಡಬ್ಬದಲ್ಲಿ ಸೇರಿಸಿದ್ದು. ದಿನಾ ಹಾರಿಸಿ ದಿನಾ ಒರೆಸುವವರಿಗೆ ಅದು ಅನುಕೂಲ. ಹತ್ತು ತಿಂಗಳು ಬೀರುವಿನಲ್ಲೇ ಇರುವ ನನ್ನ ಕೋವಿಗೆ ಮೂರನೆಯ ಕೆಲಸವೇ ದೊಡ್ಡದು.

ಅದೇ ಮಳೆಗಾಲದಲ್ಲಿ ಒಂದು ಪರೀಕ್ಷೆ ಮಾಡಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದೇ ಕಬ್ಬಿಣದ ಪಟ್ಟಿಯಿಂದ ಏಳು ತುಂಡು ಕತ್ತರಿಸಿ ಕೊಡಿಸಿಕೊಂಡೆ. ಎಲ್ಲವನ್ನೂ ಹೊಳೆಯುವ ಹಾಗೆ ಉಜ್ಜಿ, ಒಂದನ್ನು ಬರಿದೇ ಬಿಟ್ಟು ಉಳಿದವಕ್ಕೆ ಒಂದೊಂದು ಎಣ್ಣೆ ಸವರಿ, ಬಟ್ಟೆಯಲ್ಲಿ ಹೆಚ್ಚಿನದನ್ನು ಒರೆಸಿ, ಬಚ್ಚಲಿನ ಪಕ್ಕದ ಸೌದೆ ಕೊಟ್ಟಿಗೆಯಲ್ಲಿ ದಾರ ಕಟ್ಟಿ ನೇತುಹಾಕಿದೆ. ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ. ಆ ಕೊಟ್ಟಿಗೆಯಲ್ಲಿ ಚಪ್ಪಲಿ ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಅಂಥ ಜಾಗ.

ಏನೂ ಸವರದ ತುಂಡು ಮಾರನೆಯ ದಿನವೇ ಕೆಂಪಾಯಿತು. ಸೀಮೆಎಣ್ಣೆಯ ತುಂಡು ಮೂರನೆಯ ದಿನ. ಸೀಮೆಎಣ್ಣೆ ಮಸಿ ಚೆನ್ನಾಗಿ ಬಿಡಿಸುತ್ತದೆ, ಆದರೆ ಆರಿಹೋಗುತ್ತದೆ. ಅಪ್ಪನ ಕಾಲದಲ್ಲಿ ಅದರಲ್ಲಿ ತೊಳೆದು ಹಾಗೇ ಇಡುತ್ತಿದ್ದವರು ತುಂಬಾ ಜನ ಇದ್ದರು. ತೊಳೆದ ಮೇಲೆ ಎಣ್ಣೆ ಸವರದಿದ್ದರೆ ತೊಳೆಯದೇ ಇಟ್ಟಷ್ಟೇ ಕೆಟ್ಟದ್ದು.

ಕೊಬ್ಬರಿ ಎಣ್ಣೆ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಇದನ್ನು ಈಗಲೂ ಹಚ್ಚುತ್ತಾರೆ. ತುಂಡಿನ ಮೇಲೆ ತುಕ್ಕು ತಡವಾಗಿ ಬಂತು, ಅದು ನಿಜ. ಆದರೆ ಆಗಸ್ಟ್ ಹೊತ್ತಿಗೆ ಅಂಟಂಟಾಗಿ, ಹಳದಿ ಕಟ್ಟಿ, ದೂಳು ಹಿಡಿದು ಕೂತಿತ್ತು. ಅಡಿಗೆ ಎಣ್ಣೆಗಳೆಲ್ಲ ಗಾಳಿಗೆ ಹಾಗೆಯೇ ಕೆಡುತ್ತವೆ. ಇನ್ನೊಂದು, ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ನಮ್ಮ ಮನೆಯಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಒಲೆ ಮುಂದೆ ಇಟ್ಟು ಕರಗಿಸುತ್ತೇವೆ, ಅಲ್ವಾ? ಅದೇ ಎಣ್ಣೆ ಕೋವಿಯ ಲಾಕ್‌ನೊಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಗಟ್ಟಿಯಾಗಿ ಕೂತರೆ ಕುದುರೆ, ಅಂದರೆ ತೋಟಾ ಸಿಡಿಸಲು ಬಡಿಯುವ ಸುತ್ತಿಗೆ, ಬಲವಾಗಿ ಬಡಿಯುವುದೇ ಇಲ್ಲ. ಹರಳೆಣ್ಣೆಯೂ ಬೇಡ.

ಹೊಲಿಗೆ ಮಷಿನ್ ಎಣ್ಣೆ ನನಗೆ ಹಳೆಯ ಗೆಳೆಯ. ನಾನು ಮೂವತ್ತು ವರ್ಷದಿಂದ ಮಷಿನ್ ತುಳಿಯುತ್ತಿದ್ದೇನೆ. ಒಳ್ಳೆಯ, ತೆಳುವಾದ, ಬಿಳಿ ಮಿನರಲ್ ಎಣ್ಣೆ. ಅಂಟು ಕಟ್ಟುವುದಿಲ್ಲ, ವಾಸನೆ ಇಲ್ಲ, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಖಾಲಿ ತೋಟಾ ಹೊರದೂಡುವ ಎಜೆಕ್ಟರ್, ಸೇಫ್ಟಿಯ ಗುಂಡಿ, ಮೇಲಿನ ಲೀವರ್ ಬುಡ, ಇಲ್ಲೆಲ್ಲ ನಾನು ಇವತ್ತಿಗೂ ಇದನ್ನೇ ಒಂದೊಂದು ತೊಟ್ಟು ಬಿಡುವುದು. ಜಾರಿಸುವ ಕೆಲಸಕ್ಕೆ ಇದಕ್ಕಿಂತ ದುಬಾರಿ ಬೇಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಕಾಯುವ ಶಕ್ತಿ ಕಡಿಮೆ. ನನ್ನ ತುಂಡಿನ ಮೇಲೆ ಮೂರು ವಾರ ಕಳೆಯುತ್ತಲೇ ಅಂಚಿನಲ್ಲಿ ಕಂದು ಗೆರೆ ಬಂತು. ಠೇವಣಿಗೆ ಕೊಡುವಾಗ ನಾನು ಸವರಿದ್ದೂ ಇಂಥದೇ ತೆಳು ಎಣ್ಣೆ. ತಪ್ಪು ಎಣ್ಣೆಯದಲ್ಲ, ಅದರ ಕೆಲಸ ಅದಲ್ಲ.

ಬೈಕಿನ 20ಡಬ್ಲ್ಯೂ-40 ಎಂಜಿನ್ ಎಣ್ಣೆ ಹಚ್ಚಿದ ತುಂಡು ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ ಕೆಳಗೆ ಇಳಿದು ತೊಟ್ಟಿಕ್ಕುತ್ತದೆ, ಬಟ್ಟೆಗೆಲ್ಲ ಬಣ್ಣ. ಕಳೆ ಕತ್ತರಿಸುವ ಮಷಿನ್‌ಗೆ ಹಾಕುವ 2ಟಿ ಎಣ್ಣೆ ಮನೆಯಲ್ಲೇ ಇರುತ್ತದೆ ಅಂತ ಅದನ್ನು ಹಚ್ಚುವವರೂ ಇದ್ದಾರೆ. ಪೆಟ್ರೋಲ್ ಜೊತೆ ಬೆರೆತು ಉರಿಯಲಿಕ್ಕೆಂದು ಮಾಡಿದ ಎಣ್ಣೆ ಅದು, ಕೋವಿ ಕಾಯಲಿಕ್ಕೆ ಅಲ್ಲ. ನಾನು ಪರೀಕ್ಷೆಗೂ ಹಾಕಲಿಲ್ಲ.

ಲಿಥಿಯಂ ಗ್ರೀಸ್ ಹಚ್ಚಿದ ತುಂಡು ಆಗಸ್ಟ್ ಕೊನೆಗೂ ಹೊಸದರ ಹಾಗೆ ಹೊಳೆಯುತ್ತಿತ್ತು. ಆದರೆ ಮೇಲೆಲ್ಲ ಸೊಳ್ಳೆ, ದೂಳು, ಸೌದೆ ಪುಡಿ. ಹೊರಮೈಗೆ ಇದು ಬೇಡ. ನಳಿಗೆ ಮಡಚುವ ಕೀಲಿಗೆ ಮಾತ್ರ ಇದೇ ಸರಿ. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಭಾರ ಹೊತ್ತು ಉಜ್ಜುತ್ತದೆ, ತೆಳು ಎಣ್ಣೆ ಹಿಂಡಿಹೋಗುತ್ತದೆ. ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸಾಕು. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ತಂದ ಸಣ್ಣ ಡಬ್ಬ ನನಗೆ ಜೀವಮಾನಕ್ಕೆ ಆಗುತ್ತದೆ.

ಏಳನೆಯ ತುಂಡಿಗೆ ಹಚ್ಚಿದ್ದು ಬ್ಯಾಲಿಸ್ಟಾಲ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. 1904ರಲ್ಲಿ ಜರ್ಮನಿಯಲ್ಲಿ ಸೈನ್ಯದ ಬಂದೂಕುಗಳಿಗೆಂದು ಹುಟ್ಟಿದ ಎಣ್ಣೆ. ಕಬ್ಬಿಣ, ಮರ, ತೊಗಲು ಮೂರಕ್ಕೂ ಒಂದೇ ಇರಲಿ ಅನ್ನುವುದು ಅವರ ಯೋಚನೆ. ಮುಚ್ಚಳ ತೆಗೆದರೆ ಸೋಂಪಿನ ಹಾಗೆ ಒಂದು ವಾಸನೆ. ಕೆಲವರಿಗೆ ಹಿಡಿಸುವುದಿಲ್ಲವಂತೆ, ನನಗೆ ಹಿತ. ಇದರ ವಿಶೇಷ ಏನೆಂದರೆ ನೀರಿನ ಜೊತೆ ಬೆರೆಯುತ್ತದೆ. ಒಂದು ಲೋಟ ನೀರಿಗೆ ಸ್ವಲ್ಪ ಹಾಕಿ ಕಲಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮೂಲೆಯಲ್ಲಿ ಉಳಿದ ತೇವವನ್ನು ಇದು ತನ್ನೊಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಕ್ಷಾರ ಇರುವುದರಿಂದ ಕೈಬೆವರಿನ ಹುಳಿಗೂ ಒಳ್ಳೆಯದು. ಬೆವರಿನ ಬೆರಳಚ್ಚು ಇದ್ದ ಜಾಗದಲ್ಲೇ, ಅದೇ ಆಕಾರದಲ್ಲೇ ತುಕ್ಕು ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ತುಂಡು ಜುಲೈ ಮುಗಿಯುವವರೆಗೆ ಶುದ್ಧವಾಗಿತ್ತು. ಆಗ ಇನ್ನೊಮ್ಮೆ ಸವರಿದೆ, ಆಗಸ್ಟ್ ಕೂಡ ದಾಟಿತು. ಬೆಲೆ ಮಾತ್ರ ಜಾಸ್ತಿಯೇ. ಹೊರದೇಶದ ಮಾಲು, ನಮ್ಮೂರಲ್ಲಿ ಸಿಗುವುದಿಲ್ಲ, ತರಿಸಿಕೊಳ್ಳಬೇಕು. ಆದರೆ ಒಂದು ಕೋವಿಗೆ ಸಣ್ಣ ಡಬ್ಬ ಎರಡು ಮಳೆಗಾಲ ಬರುತ್ತದೆ. ಅಪ್ಪನ ಕೋವಿಗೆ ಅಷ್ಟು ಖರ್ಚು ಮಾಡಲು ನನಗೆ ಮನಸ್ಸಿದೆ.

ಡಬ್ಲ್ಯೂಡಿ-40 ಬಗ್ಗೆ ಎಲ್ಲರೂ ಕೇಳುತ್ತಾರೆ, ಯಾಕೆಂದರೆ ಅದು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಇರುತ್ತದೆ. ಹೆಸರಲ್ಲೇ ಉತ್ತರ ಇದೆ. ಆ ಎರಡು ಇಂಗ್ಲಿಷ್ ಅಕ್ಷರಗಳ ಅರ್ಥ ನೀರನ್ನು ಜಾಗ ಬಿಡಿಸುವುದು ಅಂತ. ನಲವತ್ತನೇ ಪ್ರಯತ್ನಕ್ಕೆ ಸರಿಯಾಯಿತು ಅಂತ 40. 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಮಳೆಯಲ್ಲಿ ನೆನೆದು ಬಂದ ಕೋವಿಗೆ ಮೊದಲು ಇದನ್ನು ಹೊಡೆದು ನೀರು ಹೊರಡಿಸಿ, ಒರೆಸಿ, ಆಮೇಲೆ ಬೇರೆ ಎಣ್ಣೆ ಸವರುವುದು ಸರಿ. ತಿಂಗಳುಗಟ್ಟಲೆ ಇಡುವುದಕ್ಕೆ ಅದೊಂದನ್ನೇ ನಂಬುವುದು ಬೇಡ. ತೋಟಾ ಇರುವ ಕಡೆ ಇಂಥ ಯಾವ ಸ್ಪ್ರೇಯನ್ನೂ ಹೊಡೆಯಬಾರದು. ಇವು ಸಂದಿಯಲ್ಲಿ ನುಗ್ಗುವ ಎಣ್ಣೆಗಳು, ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಕೇಪಿನೊಳಗೂ ನುಗ್ಗಬಲ್ಲವು. ಆಮೇಲೆ ಬೇಕಾದ ಹೊತ್ತಿಗೆ ತೋಟಾ ಸಿಡಿಯದೇ ಹೋಗಬಹುದು.

ಇನ್ನು ತೊಳೆಯುವ ದ್ರಾವಣ. ಹೊಪ್ಪೀಸ್ ನಂಬರ್ 9 ಅಂತ ಒಂದು ಬರುತ್ತದೆ, 1903ರಿಂದ ಇದೆ. ಬಾಳೆಹಣ್ಣಿನ ಹಾಗೆ ವಾಸನೆ, ಆದರೆ ಘಾಟು. ಕಿಟಕಿ ತೆಗೆದು ಬಳಸಬೇಕು. ಈಗಿನ ತೋಟಾಗಳೊಳಗೆ ಪ್ಲಾಸ್ಟಿಕ್ ಬಟ್ಟಲು ಇರುತ್ತದೆ. ಹಾರಿದಾಗ ಅದು ನಳಿಗೆಗೆ ಉಜ್ಜಿ ತೆಳ್ಳಗೆ ಅಂಟುತ್ತದೆ, ಜೊತೆಗೆ ಸೀಸ, ಮಸಿ. ಈ ದ್ರಾವಣವನ್ನು ಬಟ್ಟೆಯಲ್ಲಿ ಅದ್ದಿ ಗಜ (ನಳಿಗೆ ಒರೆಸುವ ಉದ್ದ ಕೋಲು) ಹಾಕಿ ಒಳಗೆಲ್ಲ ತೇವ ಮಾಡಿ, ಹತ್ತು ನಿಮಿಷ ಬಿಟ್ಟು, ಫಾಸ್ಫರ್ ಬ್ರಾಂಜ್ ಬ್ರಷ್ ಹಾಕಿ ಎಳೆದರೆ ಸಲೀಸಾಗಿ ಬಿಡುತ್ತದೆ. ಬ್ರಷ್ ಯಾವಾಗಲೂ ತೋಟಾ ಹಾಕುವ ಕಡೆಯಿಂದ ಹೋಗಬೇಕು, ಬಾಯಿಯ ಕಡೆಯಿಂದ ಅಲ್ಲ. ತಾಮ್ರ ಬಿಡಿಸುವ ಘಾಟಿನ ಅಮೋನಿಯಾ ದ್ರಾವಣವನ್ನು ನನಗೊಬ್ಬರು ಮಾರಲು ನೋಡಿದರು. ಅದು ತಾಮ್ರದ ಕವಚ ಇರುವ ಗುಂಡು ಹಾರಿಸುವ ರೈಫಲ್‌ಗೆ. ಚರೆ (ಸಣ್ಣ ಸೀಸದ ಕಾಳು) ಹಾರಿಸುವ ನಯ ನಳಿಗೆಗೆ ಏನಕ್ಕೂ ಬೇಕಿಲ್ಲ. ಬ್ರೇಕ್ ಕ್ಲೀನರ್ ಸ್ಪ್ರೇಯೂ ಬೇಡ. ಮಸಿಯ ಜೊತೆ ಹಿಡಿಕೆಯ ವಾರ್ನಿಶ್ ಕೂಡ ಹೋಗುತ್ತದೆ.

ಪಕ್ಕದ ತೋಟದ ಮಾವನ ಹತ್ತಿರ ಇರುವುದು ಕೇಪಿನ ಕೋವಿ. ನಳಿಗೆಯ ಬಾಯಿಂದ ಕರಿಮದ್ದು (ಗನ್‌ಪೌಡರ್) ತುಂಬುವುದು. ನನ್ನ ದುಬಾರಿ ದ್ರಾವಣ ತೋರಿಸಿ, ಇದರಲ್ಲಿ ತೊಳೆಯಿರಿ ಮಾವ ಅಂದೆ. "ಅಲ್ಲ ಕಣವ್ವ, ನಮ್ಮದಕ್ಕೆ ಕುದಿಯೋ ನೀರೇ ಸೈ" ಅಂದರು. ಅವರು ಹೇಳಿದ್ದೇ ಸರಿ. ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಭಾಗ ಬೂದಿ, ಉಪ್ಪಾಗಿ ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಒಂದೇ ರಾತ್ರಿಯಲ್ಲಿ ಕಬ್ಬಿಣ ಕಡಿಯಲು ಶುರು ಮಾಡುತ್ತದೆ. ಉಪ್ಪು ಕರಗುವುದು ನೀರಿನಲ್ಲೇ ಹೊರತು ಎಣ್ಣೆಯಲ್ಲಲ್ಲ. ಮಸಿಯ ಮೇಲೆ ಪೆಟ್ರೋಲಿಯಂ ಎಣ್ಣೆ ಹಾಕಿದರೆ ಟಾರಿನ ಹಾಗೆ ಗಟ್ಟಿಯಾಗುತ್ತದೆ. ಬಿಸಿನೀರು, ಸ್ವಲ್ಪ ಸೋಪು, ಆಮೇಲೆ ಬರೀ ಬಿಸಿನೀರು. ನಳಿಗೆ ಕಾದಿರುವುದರಿಂದ ತಾನೇ ಆರುತ್ತದೆ. ಬಿಸಿ ಇರುವಾಗಲೇ ಎಣ್ಣೆ. ಹಾಗೆ ಕೊನೆಗೆ ಸವರುವ ಎಣ್ಣೆ ಮಾತ್ರ ಮಾವ ಈಗ ನನ್ನ ಡಬ್ಬದಿಂದ ತೆಗೆದುಕೊಂಡು ಹೋಗುತ್ತಾರೆ.

ಮರದ ಹಿಡಿಕೆಗೆ ನಾನು ವರ್ಷಕ್ಕೊಮ್ಮೆ ಕಾಯಿಸಿದ ಅಗಸೆ ಎಣ್ಣೆ ಹಚ್ಚುತ್ತೇನೆ. ಅಂಗೈಯಲ್ಲಿ ನಾಲ್ಕು ಹನಿ ಹಾಕಿ ಬಿಸಿಯಾಗುವ ತನಕ ತಿಕ್ಕಬೇಕು. ವಾಲ್ನಟ್ ಮರದ ಗೆರೆಗಳು ಎದ್ದು ಕಾಣುತ್ತವೆ, ನೋಡಲು ಖುಷಿ. ಒಂದು ಎಚ್ಚರ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಆರುವಾಗ ತಾನಾಗಿ ಬಿಸಿಯೇರುತ್ತದೆ, ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಎಣ್ಣೆ ಜಾಸ್ತಿ ಆದರೂ ಹಾಳು. ಮೇಸ್ತ್ರಿ ನನ್ನ ಕೋವಿಯನ್ನು ಬಿಚ್ಚಿ, ಕಬ್ಬಿಣ ಮರಕ್ಕೆ ಕೂರುವ ಜಾಗ ತೋರಿಸಿದರು. ಮರ ಕಪ್ಪಗಾಗಿ, ಉಗುರು ಒತ್ತಿದರೆ ಮೆತ್ತಗೆ. ವರ್ಷಾನುಗಟ್ಟಲೆ ಎಣ್ಣೆ ಸುರಿದು, ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದರಿಂದ ಎಲ್ಲ ಇಳಿದು ಮರ ಕುಡಿದಿತ್ತು. ಅಪ್ಪ ಪ್ರೀತಿಯಿಂದಲೇ ಹಾಕಿದ್ದು. ಅಪ್ಪನ ಪೆಟ್ಟಿಗೆಯಲ್ಲಿ ರಂಗೂನ್ ಆಯಿಲ್ ಅಂತ ಬರೆದ ಒಂದು ಹಳೇ ತಗಡಿನ ಡಬ್ಬ ಇತ್ತು. ಬರ್ಮಾದ ಬಾವಿಗಳ ನೆಲದೆಣ್ಣೆಯಿಂದ ಬ್ರಿಟಿಷರ ಕಾಲದಲ್ಲಿ ಬಂದ ಹೆಸರು ಅದು. ಡಬ್ಬ ಖಾಲಿ, ಆದರೂ ಬಿಸಾಡಿಲ್ಲ. ಈಗ ಎಣ್ಣೆ ಹಚ್ಚಿದ ಮೇಲೆ ಮೊದಲ ಎರಡು ದಿನ ಕೋವಿಯನ್ನು ಬಾಯಿ ಕೆಳಗೆ ಮಾಡಿ, ಅದರಡಿ ಕಾಗದ ಹಾಸಿ ನಿಲ್ಲಿಸುತ್ತೇನೆ. ಮಷಿನ್‌ಗೆ ಎಣ್ಣೆ ಬಿಟ್ಟ ಮೇಲೆ ಮೊದಲು ಹಳೇ ಬಟ್ಟೆ ಹೊಲಿಯುತ್ತೇವಲ್ಲ, ಹಾಗೆ.

ತೊಗಲಿನ ಚೀಲ, ರೆಕ್ಸಿನ್ ಚೀಲ ಇವು ಕೋವಿಯನ್ನು ಒಯ್ಯಲು ಮಾತ್ರ. ಅದರೊಳಗೆ ಇಟ್ಟುಬಿಟ್ಟರೆ ತೇವವನ್ನು ಹಿಡಿದು ಕಬ್ಬಿಣಕ್ಕೆ ಅಂಟಿಸಿ ಇಟ್ಟ ಹಾಗೆ. ನಾನು ಬೀಗ ಇರುವ ಕಬ್ಬಿಣದ ಬೀರುವಿನಲ್ಲಿ ಬರಿದೇ ನಿಲ್ಲಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಚೀಲ ಇಡುತ್ತೇನೆ. ತೋಟಾ ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಸ್ವಚ್ಛ ಮಾಡಲು ಕೂರುವ ಮುಂಚೆ ಕೋವಿ ಮಡಚಿ ಎರಡೂ ನಳಿಗೆ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡುತ್ತೇನೆ. ನಾನೇ ಖಾಲಿ ಮಾಡಿ ಇಟ್ಟದ್ದಾದರೂ ನೋಡುತ್ತೇನೆ. ಹಾರಿಸುವ ದಿನ ಬಂದರೆ ನಳಿಗೆಯ ಒಳಗಿನ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಲೇಬೇಕು.

ಆಯುಧ ಪೂಜೆ ವಿಷಯ ಒಂದಿದೆ. ನಮ್ಮಲ್ಲಿ ಕತ್ತಿ, ಕೊಡಲಿ, ಕಾಫಿ ಪಲ್ಪರ್, ಜೀಪು ಎಲ್ಲದರ ಜೊತೆ ಕೋವಿಗೂ ಅರಿಶಿನ ಕುಂಕುಮ ಹಚ್ಚಿ ಹೂ ಇಡುತ್ತೇವೆ. ಅರಿಶಿನವನ್ನು ನೀರಲ್ಲಿ ಕಲಸಿ ಹಚ್ಚುತ್ತೇವೆ. ಆ ಒದ್ದೆ ಪುಡಿ ಕಬ್ಬಿಣದ ಮೇಲೆ ಒಂದು ವಾರ ಕೂತರೆ ಅದರಡಿ ಗುಂಡಗೆ ತುಕ್ಕು ಹಿಡಿಯುತ್ತದೆ. ನಮ್ಮ ಕೋವಿಯ ಬಲ ನಳಿಗೆಯ ಬುಡದಲ್ಲಿ ಅಂಥ ಮೂರು ಬೊಟ್ಟಿನ ಗುರುತು ಇದೆ. ದೇವರ ಮುಂದಿಟ್ಟದ್ದನ್ನು ಬೇಗ ಒರೆಸಬಾರದು ಅಂತ ಅಮ್ಮ ಹೇಳುತ್ತಿದ್ದರು. ಈಗ ನಾನು ಬೊಟ್ಟನ್ನು ಮರದ ಹಿಡಿಕೆಗೆ ಇಡುತ್ತೇನೆ. ಹೂವನ್ನು ನಳಿಗೆಗೆ ತಾಗದ ಹಾಗೆ ಮುಂದೆ ಇಡುತ್ತೇನೆ. ಸಂಜೆ ದೀಪ ಹಚ್ಚಿ ಆದ ಮೇಲೆ ಒರೆಸಿ ಬ್ಯಾಲಿಸ್ಟಾಲ್ ಸವರುತ್ತೇನೆ. ಅಮ್ಮ ಮೊದಲ ವರ್ಷ ಮುಖ ಗಂಟು ಹಾಕಿದರು. ಎರಡನೆಯ ವರ್ಷ ಒರೆಸುವ ಬಟ್ಟೆಯನ್ನು ಅವರೇ ತಂದುಕೊಟ್ಟರು.

ಮುಂದಿನ ಸಲ ಚುನಾವಣೆಗೆ ಠೇವಣಿ ಇಡಬೇಕಾದಾಗ ಏನು ಮಾಡಬೇಕೆಂದು ತೀರ್ಮಾನ ಮಾಡಿಕೊಂಡಿದ್ದೇನೆ. ನಳಿಗೆ ಮಡಚುವ ಕೀಲಿಗೆ ಗ್ರೀಸ್. ಲಾಕಿಗೆ ಮಷಿನ್ ಎಣ್ಣೆ ಒಂದು ತೊಟ್ಟು. ನಳಿಗೆಯ ಒಳಗೂ ಹೊರಗೂ ಬ್ಯಾಲಿಸ್ಟಾಲ್, ಈ ಸಲ ಒರೆಸದೆ ಒದ್ದೆಯಾಗಿಯೇ ಬಿಡುವುದು. ಚೀಲದ ಬದಲು ಎಣ್ಣೆ ಸವರಿದ ಹಳೇ ಕಾಟನ್ ಸೀರೆ ಸುತ್ತುವುದು. ಸೀರೆಯ ತುಂಡನ್ನು ಈಗಲೇ ಹೊಲಿದು, ಕೋವಿಯ ಅಳತೆಗೆ ಸರಿ ಮಾಡಿ, ಬೀರುವಿನ ಮೇಲಿನ ಅರೆಯಲ್ಲಿ ಮಡಚಿ ಇಟ್ಟಿದ್ದೇನೆ.